ನಾಲ್ಕು ಅಜ್ಜಂದಿರು, ಒಂದು ಮರಿ

ಹದಿನೆಂಟು ವರ್ಷ ಲೋಕಕ್ಕೆಲ್ಲ ಆನೆ ತೋರಿಸಿದ ಮೈದಿನ್, ಕಟ್ಟಿಕೊಂಡ ಹೆಂಡತಿಗೆ ಮಾತ್ರ ಒಂದು ದಿನವೂ ತೋರಿಸಿರಲಿಲ್ಲ. ಕಿನಬತಾಂಗನ್ ಹೊಳೆಗೆ ಬಂದ ಪ್ರವಾಸಿಗರಲ್ಲಿ ಅವನ ದೋಣಿ ಹತ್ತದವರೇ ಕಡಿಮೆ. ಸಲ್ಬಿಯಾ ಕೇಳಿದಾಗಲೆಲ್ಲ, "ಈ ಸೀಸನ್ ಮುಗೀಲಿ ಮಾರಾಯ್ತಿ" ಎನ್ನುತ್ತಿದ್ದ. ಆ ಸೀಸನ್ನು ಎಂದಾದರೂ ಮುಗಿದದ್ದುಂಟೆ! ಅವಳು ಕಂಡಿದ್ದು ಬಾಳೆತೋಟ ತುಳಿದು ಹೋದ ಹೆಜ್ಜೆಗಳನ್ನಷ್ಟೇ. ತಾಯಿಯ ಪಕ್ಕೆಗೆ ಅಂಟಿಕೊಂಡು ಮರಿ ಹೊಳೆ ದಾಟುವ ಕಥೆಯನ್ನು ಗಂಡನ ಬಾಯಲ್ಲಿ ಕೇಳಿ ಕೇಳಿ ಸಾಕಾಗಿತ್ತು.

ಈಗ ಸಂದಕಾನ್ ಪೇಟೆಯ ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ ಮೇಲೆ ಅವಳು ಗಂಜಿ ಬೇಡ, ಮದ್ದು ಬೇಡ, "ಅಜ್ಜನ್ನ ತೋರಿಸ್ರೀ" ಎಂದು ಹಟ ಹಿಡಿದಳು. ಹೊಳೆಯವರು ಆನೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅಜ್ಜ ಎನ್ನುತ್ತಾರೆ. ಹೆಸರು ಕಿವಿಗೆ ಬಿದ್ದರೆ ಅಜ್ಜನಿಗೆ ಮುನಿಸು, ಬೆನ್ನು ತಿರುಗಿಸಿ ಹೊರಟುಬಿಡುತ್ತಾನೆ.

ಬಿಸಿಲು ಇಳಿಯುತ್ತಲೇ ದೋಣಿಯಲ್ಲಿ ಹಾಸಿಗೆ ಹಾಸಿ, ಮಗಳು ರೊಹಾನಾಳ ತೊಡೆಯ ಮೇಲೆ ತಲೆಯಿರಿಸಿ ಸಲ್ಬಿಯಾಳನ್ನು ಮಲಗಿಸಿದರು.

"ಅಪ್ಪಾ, ನಿಧಾನ. ಅಲ್ಲಾಡಿದ್ರೆ ಅಮ್ಮಂಗೆ ನೋವಾಗುತ್ತೆ."

"ನಂಗೇ ದೋಣಿ ಬಿಡೋದು ಕಲಿಸ್ತೀಯೇನೇ?"

ಸಲ್ಬಿಯಾ ನಕ್ಕಳು. "ದುಡ್ಡು ಕೊಟ್ಟೋರಿಗೂ ಹಿಂಗೇ ಗದರ್ತಾರೇನೇ ನಿಮ್ಮಪ್ಪ?"

ದಂಡೆಯ ಮರಕ್ಕೆ ಉದ್ದಮೂಗಿನ ಕೋತಿಗಳು ಬಂದವು. ಅವಳು ಕಣ್ಣೇ ತೆರೆಯಲಿಲ್ಲ. "ಇವು ಮನೆ ಹತ್ರನೂ ಬರ್ತವೆ. ಅಜ್ಜ ಬಂದ್ರೆ ಎಬ್ಬಿಸಿ" ಎಂದಳು.

ಎರಡು ತಿರುವು ದಾಟಿದ ಮೇಲೆ, ಬಲದಂಡೆಯ ಜೊಂಡಿನಲ್ಲಿ ಬೂದು ಬೆನ್ನೊಂದು ಕಂಡಿತು. ಮೈದಿನ್ ಮೊದಲು ಎಂಜಿನ್ ಆರಿಸಬೇಕಿತ್ತು, ಬಾಗಿ ಅವಳ ಭುಜ ಮುಟ್ಟಬೇಕಿತ್ತು. ಹಾಳು ಅಭ್ಯಾಸ! ಎಂಜಿನ್ನಿನ ಸದ್ದಿನಲ್ಲಿ ಮುಂದೆ ಕೂತವರಿಗೆ ಕೇಳಲೆಂದು ಹದಿನೆಂಟು ವರ್ಷ ಅರಚಿದ ಬಾಯಿ ಸುಮ್ಮನಿರಲಿಲ್ಲ.

"ಎಲಿಫೆಂಟ್! ರೈಟ್ ಸೈಡ್!"

ಒಂಟಿ ಸಲಗ ಕಿವಿ ಬಡಿದು ತಿರುಗಿತು. ರೊಹಾನಾ ತಾಯಿಯ ತಲೆ ಎತ್ತಿ ಹಿಡಿಯುವಷ್ಟರಲ್ಲಿ ಜೊಂಡು ಅಲ್ಲಾಡುತ್ತಿತ್ತು, ಅಷ್ಟೇ.

"ಏನಪ್ಪಾ ನೀನು! ಅಮ್ಮಾನೂ ಟೂರಿಸ್ಟಾ ನಿಂಗೆ?"

ಹೊತ್ತು ಮುಳುಗುವವರೆಗೂ ಕಾದರು. ಅಜ್ಜ ಬರಲಿಲ್ಲ. ನಾಲಿಗೆ ಕಿತ್ತು ಹೊಳೆಗೆ ಎಸೆಯಬೇಕು ಎನಿಸಿತು ಮೈದಿನನಿಗೆ.

"ತಪ್ಪಾಯ್ತು ಕಣೇ." ಅವನು ಹೆಂಡತಿಯ ಕಡೆ ಬಾಗಿದ.

"ಎಂಥ ತಪ್ಪು? ನಾನು ನೋಡಿದ್ನಲ್ಲ."

"ಏನು ನೋಡ್ದೆ?"

"ನಾಲ್ಕು ಜನ ಇದ್ರು. ಒಂದು ಮರಿನೂ ಇತ್ತು. ತಾಯಿ ಪಕ್ಕೆಗೆ ಅಂಟ್ಕೊಂಡು ಹೋಗ್ತಿತ್ತು, ನೀವು ಹೇಳ್ತಿದ್ರಲ್ಲ, ಹಂಗೇ."

ರೊಹಾನಾ ಏನೋ ಹೇಳಲು ಬಾಯಿ ತೆರೆದಳು. ತಾಯಿ ಅವಳ ಕೈ ಚಿವುಟಿದ್ದನ್ನು ಮೈದಿನ್ ಕಂಡ.

"ಹೂಂ" ಎಂದ. "ಮರಿ ತುಂಬಾ ಚಿಕ್ಕದು."

ಅದಾದ ಹನ್ನೊಂದನೇ ದಿನ ಸಲ್ಬಿಯಾ ತೀರಿಕೊಂಡಳು.

ಮೈದಿನ್ ಮತ್ತೆ ದೋಣಿ ಬಿಟ್ಟ, ಹೊಟ್ಟೆ ಕೇಳಬೇಕಲ್ಲ. ಈಗ ಬೂದು ಬೆನ್ನು ಕಂಡರೆ ಮೊದಲು ಎಂಜಿನ್ ಆರಿಸುತ್ತಾನೆ. ಆಮೇಲೆ, ಅರ್ಥವಾಗದವರಿಗೂ ಸೇರಿಸಿ, "ಅಜ್ಜ" ಎಂದು ಪಿಸುಗುಡುತ್ತಾನೆ.

ಮೊನ್ನೆ ದೋಣಿಗೆ ಬಂದ ಹೆಂಗಸೊಬ್ಬಳು ಕೇಳಿದಳು, "ಈ ಹೊಳೇಲಿ ನೀವು ನೋಡಿದ್ದರಲ್ಲಿ ಎಲ್ಲಕ್ಕಿಂತ ಚೆಂದದ್ದು ಯಾವ್ದು?"

ಮೈದಿನ್ ಬಲದಂಡೆಯ ಜೊಂಡಿನ ಕಡೆ ನೋಡಿದ.

"ನಾಲ್ಕು ಅಜ್ಜಂದ್ರು, ಜೊತೆಗೊಂದು ಮರಿ" ಎಂದ. "ನಾನು ನೋಡಿದ್ದಲ್ಲ. ನನ್ನ ಹೆಂಡ್ತಿ ನೋಡಿದ್ದು."