ಎರಡನೇ ಸಲ ಊದಿಸಬೇಕಿತ್ತು

ಹೊಟ್ಟೆಕಿಚ್ಚು ಅಂತ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನನಗೂ ತಮ್ಮನಿಗೂ ದೋಣಿ ನಡೆಸುವ ಲೈಸೆನ್ಸ್ ಒಂದೇ ದಿನ ಬಂತು. ಪ್ರಯಾಣಿಕರ ದೋಣಿಯ ಚುಕ್ಕಾಣಿ ಅವನಿಗೆ ಸಿಕ್ಕಿತು. ನನಗೆ ದಡದ ಮೇಲಿನ ತಗಡಿನ ಕೋಣೆ, ಕಾಲು ಅಲುಗಾಡುವ ಕುರ್ಚಿ ಮತ್ತು ಊದಿಸುವ ಮಷಿನ್. ಕುಡಿದು ದೋಣಿ ನಡೆಸಬಾರದೆಂಬ ಕಾನೂನು ಬಿಗಿಯಾದ ಮೇಲೆ ಚಾಲಕರು ದಿನಾ ಬೆಳಿಗ್ಗೆ ನನ್ನ ಮುಂದೆ ಊದಿಯೇ ಹೋಗಬೇಕು. ಹಸಿರು ಬಂದರೆ ಬೀಗದ ಕೈ ಕೊಡುತ್ತೇನೆ. ಕೆಂಪು ಬಂದರೆ ಮೂರು ವರ್ಷ ಲೈಸೆನ್ಸ್ ಇಲ್ಲ.

ತಮ್ಮನೆಂದರೆ ಎಲ್ಲರಿಗೂ ಪ್ರಾಣ. ದೋಣಿ ಹತ್ತಿದ ಮಕ್ಕಳ ಕೈಯಲ್ಲಿ ಹಾರನ್ ಹೊಡೆಸುತ್ತಾನೆ, ಅಷ್ಟಕ್ಕೇ ಅವರ ಅಪ್ಪ ಅಮ್ಮಂದಿರು ಕರಗಿ ನೀರಾಗುತ್ತಾರೆ. ಮನೆಗೆ ಹೋದರೆ ಅಮ್ಮ "ಚಿಕ್ಕೋನು ಬಂದ್ನಾ?" ಅಂತ ನನ್ನನ್ನೇ ಕೇಳುತ್ತಾಳೆ, ನಾನು ಬಂದದ್ದು ಲೆಕ್ಕಕ್ಕೇ ಇಲ್ಲ. ಹೋಗಲಿ ಅಂದರೆ ನನ್ನ ಹೆಂಡತಿಗೂ ಮೈದುನ ಇದ್ದರೇ ಮನೆ ತುಂಬಿದ ಹಾಗಂತೆ.

ಇವತ್ತು ಅವನು ಊದಿದ. ಕೆಂಪು ಬಂತು.

ಅವನ ಬಾಯಿಂದ ಔಷಧಿಯ ಘಾಟು ಬರುತ್ತಿತ್ತು. ಹಲ್ಲುನೋವಿಗೆ ಅದನ್ನು ಈಗಷ್ಟೇ ಮುಕ್ಕಳಿಸಿ ಉಗಿದದ್ದನ್ನು ಕಿಟಕಿಯಿಂದ ನಾನೇ ನೋಡಿದ್ದೆ. ಅದರಲ್ಲಿ ಮದ್ಯಸಾರ ಇರುತ್ತದೆ. ಇಂಥದ್ದಕ್ಕೇ ನಿಯಮದಲ್ಲಿ ಬರೆದಿದ್ದಾರೆ: ಕೆಂಪು ಬಂದರೆ ನೀರಿನಲ್ಲಿ ಬಾಯಿ ತೊಳೆಸಿ, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಬೇಕು. ಅರ್ಧ ಗಂಟೆಯೊಳಗೆ ಊದಿಸದಿದ್ದರೆ ಮೊದಲನೆಯದೇ ಗಟ್ಟಿ. ಆ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿದೆ. ಎಂದೂ ಕೆಂಪು ಕಾಣದ ನನ್ನ ತಮ್ಮನಿಗೆ ಅದು ಗೊತ್ತಿಲ್ಲ.

"ಅಣ್ಣಾ, ನಿನ್ನೆ ಸಂಜೆ ಸ್ನೇಹಿತರ ಜೊತೆ ಒಂದೇ ಒಂದು ಗ್ಲಾಸ್ ತಗೊಂಡಿದ್ದೆ. ಇನ್ನೂ ಇಳಿದಿಲ್ವಾ ಅದು?"

"ಮಷಿನ್ ಸುಳ್ಳು ಹೇಳತ್ತಾ?" ಅಂದೆ.

ಜಗಳ ಆಡುತ್ತಾನೆ ಅಂದುಕೊಂಡಿದ್ದೆ. ಆಡಿದ್ದರೆ ಡ್ರಾಯರ್ ಎಳೆಯುತ್ತಿದ್ದೆನೋ ಏನೋ. ಅವನು ಪೆಚ್ಚಾಗಿ ತಲೆ ಕೆರೆದುಕೊಂಡ. "ನೀನು ನೋಡಿದ್ಮೇಲೆ ಮುಗೀತು. ತಪ್ಪು ನಂದೇ. ಜನ ಕಾಯ್ತಿದ್ದಾರೆ, ನೀನೇ ಊದಿ ದೋಣಿ ತಗೊಂಡ್ಹೋಗು."

ಊದಿದೆ. ಹಸಿರು ಬಂತು. ಹೊಟ್ಟೆಯೊಳಗಿನದ್ದನ್ನು ತೋರಿಸುವ ಮಷಿನ್ ಇನ್ನೂ ಬಂದಿಲ್ಲ.

ಅವನು ನನಗಿಂತ ಮುಂದೆ ಹೋಗಿ ಸಾಲಿನಲ್ಲಿ ನಿಂತವರಿಗೆ ಹೇಳಿದ: "ಇವತ್ತು ನಾನು ಸಿಕ್ಕಿಬಿದ್ದೆ. ಇವರು ನಮ್ಮಣ್ಣ. ಸ್ವಂತ ತಮ್ಮ ಅಂತಾನೂ ಬಿಡ್ಲಿಲ್ಲ ನೋಡಿ. ಇವರ ಕೈಲಿ ದೋಣಿ ಇದ್ರೆ ನೀವು ಕಣ್ಮುಚ್ಚಿ ಕೂರ್ಬಹುದು."

ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ಸೇರಿಕೊಂಡರು. ಒಬ್ಬ ಹೆಂಗಸು ಹತ್ತುವಾಗ ನನ್ನ ಕೈ ಹಿಡಿದು, "ನಿನ್ನ ಹೆತ್ತವಳು ಪುಣ್ಯವಂತೆ ಕಣಪ್ಪಾ" ಅಂದಳು. ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಕೇಳಲು ಹಿತವಾಗಿಯೇ ಇತ್ತು.

ತಮ್ಮ ಹಗ್ಗ ಬಿಚ್ಚಿದ. "ಗಾಳಿ ಜೋರಾಗಿದೆ, ಹುಷಾರು ಅಣ್ಣಾ!"

ಗಡಿಯಾರ ನೋಡಿದೆ. ಅವನನ್ನು ಮತ್ತೆ ಊದಿಸಲು ಇನ್ನೂ ಹದಿನೆಂಟು ನಿಮಿಷ ಇತ್ತು. ಆಚೆ ದಡಕ್ಕೆ ಹೋಗಿ ಬರಲು ನಲವತ್ತು ಬೇಕು. ನಾನು ದೋಣಿ ಬಿಟ್ಟೆ.