ಬಾಗಿಲಲ್ಲಿ ಅತ್ತರು

ಮೊಮ್ಮಗಳು ರೇಣುವಿನ ಮದುವೆಯ ದಿನ ಬಸವಣ್ಣೆವ್ವ ಕೊಂಢವಾ ಬಡಾವಣೆಯ ಕಲ್ಯಾಣಮಂಟಪದ ಬಾಗಿಲಲ್ಲೇ ಅತ್ತರದಾನಿ ಹಿಡಿದು ನಿಂತಳು. ಬಂದವರ ಮುಂಗೈಗೆ ಅತ್ತರು ಹಚ್ಚಿ ಒಳಗೆ ಕರೆಯುವುದು ಅವಳ ಮನೆತನದ ಪದ್ಧತಿ. ಮೊದಲೆಲ್ಲ ಜನ ತಾವಾಗಿಯೇ ಎರಡೂ ಕೈ ಚಾಚುತ್ತಿದ್ದರು. ಊಟದ ಪಂಕ್ತಿಯಲ್ಲಿ ಕೂತೂ ಮೂಸಿ ನೋಡುತ್ತಿದ್ದರು. ಈಗಿನವರು ಮನೆಯಲ್ಲೇ ದುಬಾರಿ ಸೆಂಟು ಹೊಡೆದುಕೊಂಡು ಬರುತ್ತಾರೆ, ಅಗ್ಗದ ಅತ್ತರು ಕಂಡರೆ ಮೂಗು ಮುರಿಯುತ್ತಾರೆ.

“ಯವ್ವಾ, ವಾಕಡದ ಬೀಗರು ನಗ್ತಾರ, ಒಳಗ ನಡಿ,” ಎಂದು ಮಗ ಸಿದ್ದಾರೂಢ ಪಿಸುಗುಟ್ಟಿದ.

“ನಗಲಿ ಬಿಡೋ, ಮದುವಿ ಮನ್ಯಾಗ ಅಳಬೇಕೇನು? ಒಬ್ಬರನ್ನೂ ಬರೇ ಕೈಲೆ ಒಳಗ ಬಿಡೂದಿಲ್ಲ ನಾ.”

ಅಷ್ಟರಲ್ಲಿ ವರನ ತಾಯಿ ಶೀತಲ್‌ಬಾಯಿ ಬಂದಳು. ಅತ್ತರದಾನಿ ಕಂಡದ್ದೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬಸ್‌ಸ್ಟ್ಯಾಂಡಿನ್ಯಾಗ ಮಾರೂ ಅತ್ತರಲ್ಲೇನ್ರಿ ಅಜ್ಜಿ ಇದು?”

“ಹೌದ್ರಿ, ಅಲ್ಲಿಂದನ ತಂದೀನಿ. ಕೈ ಕೊಡ್ರಿ.”

ಬಸವಣ್ಣೆವ್ವ ಬಾಗಿಲು ಬಿಟ್ಟು ಕದಲಲಿಲ್ಲ. ಹಿಂದೆ ದಿಬ್ಬಣದವರು ಒತ್ತೊತ್ತಾಗಿ ನಿಂತರು. ಒಳಗಿನಿಂದ ಭಟ್ಟರು ಮುಹೂರ್ತ ಮೀರುತ್ತದೆಂದು ಕೂಗಿದರು. ಕೊನೆಗೆ ಶೀತಲ್‌ಬಾಯಿ ನಗು ತಡೆಯಲಾರದೆ ಒಂದು ಬೆರಳು ಚಾಚಿದಳು.

“ಭಾಳ ಹಟದವರಿದ್ದೀರಿ! ಒಂಚೂರು ಮುಟ್ಟಿಸ್ರಿ, ಸಾಕು.”

ಬಸವಣ್ಣೆವ್ವ ಆ ಬೆರಳು ಹಿಡಿದು ಕೈಯನ್ನು ಪೂರ್ತಿ ಹೊರಗೆಳೆದಳು. ಮುಂಗೈ ತುಂಬ ನಿಧಾನವಾಗಿ ಅತ್ತರು ತಿಕ್ಕಿದಳು.

“ಈಗ ಆ ಕೈ ಕೊಡ್ರಿ,” ಎಂದಳು.