ಹಸಿರು ಪರದೆಯ ಕೆಂಪು ಎಳೆ

ಬೆಟಗೇರಿಯ ನೇಕಾರ ಓಣಿಯಲ್ಲಿ, ನೆಲ ತೋಡಿ ಹೂಡಿದ ಒಂದು ಕುಣಿಮಗ್ಗದ ಮೇಲೆ ನಾನು ಹುಟ್ಟಿದೆ. ನಾನು ಹತ್ತಿಯ ಬಟ್ಟೆ. ಎಳೆಯ ಜೋಳದ ಗರಿಯಂಥ ಹಸಿರು ನನ್ನದು. ಕುಬೇರಪ್ಪನೆಂಬ ನೇಕಾರ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಲಾಳಿ ಹೊಡೆಯುತ್ತಿದ್ದ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಅದು ಓಡಿದಂತೆಲ್ಲ ನಾನು ಬೆರಳು ಬೆರಳಾಗಿ ಲೋಕಕ್ಕೆ ಬಂದೆ. ಹುಟ್ಟುವುದೆಂದರೆ ಸದ್ದಿನೊಳಗಿಂದ ನಿಧಾನವಾಗಿ ಮೂಡುವುದು ಎಂದು ನಾನು ಇಂದಿಗೂ ನಂಬಿದ್ದೇನೆ.

ಹುಟ್ಟಿನಲ್ಲೇ ನನಗೊಂದು ಊನವಿತ್ತು. ಹಿಂದೆ ನೇಯ್ದ ಸೀರೆಯ ಕೆಂಪು ಎಳೆಯೊಂದು ತಪ್ಪಿ ನನ್ನ ಹಾಸಿನ, ಅಂದರೆ ಉದ್ದನೆಯ ಎಳೆಗಳ, ಅಂಚಿಗೆ ಸೇರಿಕೊಂಡಿತ್ತು. ಪಕ್ಕದಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಕುಬೇರಪ್ಪನ ಹೆಂಡತಿ ಅದನ್ನು ಮೊದಲು ಕಂಡಳು.

"ಅಂಚಿನಾಗ ಕೆಂಪ ಎಳಿ ಹೊಕ್ಕೈತಿ ನೋಡ್ರಿ. ತಗದು ಒಗೀರಿ."

"ಇರಲಿ ಬಿಡ," ಎಂದ ಕುಬೇರಪ್ಪ. "ಇಷ್ಟು ಛಂದ ಹಸರಿಗೆ ಒಂದು ದೃಷ್ಟಿಬೊಟ್ಟರ ಬ್ಯಾಡೇನ?"

ಹೀಗೆ ಆ ಎಳೆ ನನ್ನ ಉದ್ದಕ್ಕೂ ಉಳಿಯಿತು.

ಮಗ್ಗದಿಂದ ಇಳಿದ ನನ್ನನ್ನು, ಕತ್ತರಿಸದ ಇಡೀ ತಾನನ್ನೇ, ನಾಟಕ ಕಂಪನಿಯ ದ್ಯಾಮಪ್ಪ ಮಾಸ್ತರರು ಕೊಂಡೊಯ್ದರು. ಅಂದಿನ ಕಂಪನಿಗಳಿಗೆ ಟ್ರಿಕ್ ಸೀನುಗಳೆಂದರೆ ಪ್ರಾಣ. ಸಿಂಹಾಸನ ಒಡೆದು ಸರ್ಪ ಏಳಬೇಕು, ಕಣ್ಣೆದುರೇ ಕಾಡು ಕರಗಿ ಅರಮನೆಯಾಗಬೇಕು. ಆಗಲೇ ಜನ ಊರೂರಿನಿಂದ ಗಾಡಿ ಕಟ್ಟಿಕೊಂಡು ಬರುವರು. ಆದರೆ ಮಾಸ್ತರರು ನನ್ನಿಂದ ಮಾಡಿಸಿದ ಮಾಯೆ ಇವೆಲ್ಲಕ್ಕಿಂತ ಗುಟ್ಟಾದುದು.

ಕಂಪನಿಯ ನಾಯಕಿ ಇಂದುಮತಿಬಾಯಿ. ಅವಳು ರಂಗಕ್ಕೆ ಬಂದರೆ ಗ್ಯಾಸಿನ ದೀಪಗಳು ಮಂಕಾಗುತ್ತಿದ್ದವು. ಹಾಡಿದರೆ ಮಾತ್ರ ಎಣ್ಣೆ ಕಾಣದ ಬಂಡಿ ಏರು ಹತ್ತಿದಂತೆ ಕೇಳುತ್ತಿತ್ತು. ಅದೇ ಕಂಪನಿಯಲ್ಲಿ ಹೂವಕ್ಕ ಎಂಬ ಹುಡುಗಿಯಿದ್ದಳು. ಅವಳ ಕಂಠ ಕೇಳಿ ಹಾರ್ಮೋನಿಯಂ ಮಾಸ್ತರರು ಬೆರಳು ಎತ್ತಿಬಿಡುತ್ತಿದ್ದರು. ಆದರೆ ಎಳವೆಯಲ್ಲಿ ಬಂದ ಸಿಡುಬು ಅವಳ ಮುಖದ ತುಂಬ ಕಲೆಗಳನ್ನು ಬಿಟ್ಟುಹೋಗಿತ್ತು. ದ್ಯಾಮಪ್ಪ ಮಾಸ್ತರರು ಕೆಟ್ಟವರಲ್ಲ, ಕಂಪನಿ ನಡೆಸುವವರು. ಒಬ್ಬಳ ಮುಖಕ್ಕೆ ಇನ್ನೊಬ್ಬಳ ದನಿ ಜೋಡಿಸಿದರು. ದರ್ಜಿಯ ಕೈಯಲ್ಲಿ ನನ್ನನ್ನು ಮೂರು ತುಂಡು ಮಾಡಿಸಿದರು. ಎರಡನ್ನು ಮೇಲೊಂದು ಕೆಳಗೊಂದು ಅಡ್ಡಲಾಗಿ ಹೊಲಿದು ಪರದೆ ಮಾಡಿದರು. ಹೊಲಿಗೆಯ ಜಾಗದಲ್ಲಿ ಆ ಕೆಂಪು ಎಳೆ ಈ ತುದಿಯಿಂದ ಆ ತುದಿಗೆ ಗೆರೆಯಂತೆ ಹಾಯಿತು. ಮೂರನೆಯ ತುಂಡು ಹೂವಕ್ಕನಿಗೆ ಸೀರೆಯಾಯಿತು.

ತೋಟದ ದೃಶ್ಯ ಬಂದಾಗ ನನ್ನನ್ನು ಹಿಂದೆ ಇಳಿಬಿಡುವರು. ಮುಂದೆ ಇಂದುಮತಿಬಾಯಿ ವೀಣೆ ಹಿಡಿದು ಕೂರುವಳು. ಅವಳ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ, ನನಗೆ ಒತ್ತಿಕೊಂಡು, ನನ್ನದೇ ಬಣ್ಣದ ಸೀರೆಯುಟ್ಟು, ಸೆರಗನ್ನು ಮುಖದ ಮೇಲೆ ಇಳಿಬಿಟ್ಟು ಹೂವಕ್ಕ ಅಲುಗದೆ ನಿಲ್ಲುವಳು. ದೀಪದ ಮುಂದೆ ಹಸಿರು ಕಾಗದ ಹಿಡಿದರೆ ಮುಗಿಯಿತು, ಅವಳಿಲ್ಲ. ತುಟಿ ಮುಂದೆ ಅಲುಗುತ್ತಿತ್ತು, ಹಾಡು ಹಿಂದಿನಿಂದ ಬರುತ್ತಿತ್ತು:

"ಮುಗಿಲ ಮಗ್ಗದೊಳಗೆ ನನ್ನ ಸೆರಗ ಯಾರು ನೇಯ್ದರೇ..."

ಒನ್ಸ್ ಮೋರ್, ಒನ್ಸ್ ಮೋರ್ ಎಂದು ಥಿಯೇಟರಿನ ತಗಡು ನಡುಗುವಂತೆ ಜನ ಕೂಗುವರು. ಇಂದುಮತಿಬಾಯಿ ಎದ್ದು ಕೈ ಮುಗಿಯುವಳು. ಹೂವಕ್ಕನ ಎದೆಯ ಏರಿಳಿತವನ್ನು ಬೆನ್ನಿನಿಂದ ಬಲ್ಲವನು ನಾನೊಬ್ಬನೇ. ಆ ಚಪ್ಪಾಳೆ ಯಾರದೆಂದು ನನಗೆ ಗೊತ್ತಿತ್ತು. ಹೇಳಲು ನನಗೆ ಬಾಯಿರಲಿಲ್ಲ. ಆದರೂ ಬೀಗುತ್ತಿದ್ದೆ. ಅಂಥ ಕಂಠಕ್ಕೆ ಒರಗುಗೋಡೆಯಾಗುವ ಭಾಗ್ಯ ಎಷ್ಟು ಬಟ್ಟೆಗಳಿಗಿದೆ?

ಸಿನಿಮಾ ಬಂತು, ಕಂಪನಿ ಕರಗಿತು. ಹೂವಕ್ಕ ತನ್ನ ಸೀರೆ ಮಡಚಿಕೊಂಡು, ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಹೋದಳು. ನಾನು ಗದಗಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದ ಮೌಲಾಸಾಬನ ಪಾಲಾದೆ. ತೋಟದ ದೃಶ್ಯಕ್ಕೆ ದಿನವೂ ಮುಂದಿನ ಸಾಲಿನಲ್ಲಿ ಕುಳಿತು ಇಂದುಮತಿಬಾಯಿಗೆ ಸಿಳ್ಳೆ ಹೊಡೆಯುತ್ತಿದ್ದ ತರುಣನೇ ಅವನು. ಆ ನೆನಪಿಗಾಗಿ ನನ್ನನ್ನು ಕೊಂಡ. ಬಿಸಿಲಿಗೆ, ಅಡುಗೆಯ ಹೊಗೆಗೆ ಒಡ್ಡದೆ ಇಟ್ಟ. ಮದುವೆಗಳಲ್ಲಿ ವಧೂವರರ ಬೆನ್ನಿಗೆ ನಿಂತೆ. ಎಲ್ಲರೂ ಅವರನ್ನು ನೋಡಿದರು. ಬೆನ್ನಿಗೆ ನಿಲ್ಲುವುದನ್ನೇ ನಾನು ಒಂದು ವಿದ್ಯೆಯಂತೆ ಕಲಿತೆ.

ವರುಷಗಳು ಹರಿದವು. ಮೌಲಾಸಾಬನ ಗಡ್ಡ ಬೆಳ್ಳಗಾಯಿತು, ನನ್ನ ಹಸಿರು ತುಸು ಮಾಸಿತು. ಒಂದು ದಿನ ಅವನ ಮೊಮ್ಮಗ ಇಮ್ತಿಯಾಜ್ ನನ್ನನ್ನು ಕಪಾಟಿನಿಂದ ಎಳೆದು ಅಂಗಡಿಯ ನೆಲದ ಮೇಲೆ ಹಾಸಿದ. ಜೊತೆಗೆ ಅವನ ಕಾಲೇಜಿನ ಗೆಳತಿ ದಾಕ್ಷಾಯಣಿ ಇದ್ದಳು. ಇಬ್ಬರೂ ಅನಿಮೇಷನ್ ಓದುವವರು. ಕಾಲೇಜಿನ ವರ್ಷಾಂತ್ಯದ ಪ್ರದರ್ಶನಕ್ಕೆ ಒಂದು ಹಾಡಿನ ವಿಡಿಯೊ ಮಾಡಬೇಕು. ಅದರ ಯೋಜನೆ ನನ್ನ ಮೇಲೆಯೇ ಕುಳಿತು ನಡೆಯಿತು. ಹಸಿರು ಬಟ್ಟೆಯ ಮುಂದೆ ಮನುಷ್ಯರನ್ನು ನಿಲ್ಲಿಸಿ ಚಿತ್ರ ತೆಗೆದರೆ, ಕಂಪ್ಯೂಟರ್ ಹಸಿರನ್ನೆಲ್ಲ ಅಳಿಸಿ ಆ ಜಾಗದಲ್ಲಿ ಬೇಕಾದ ಲೋಕವನ್ನು ತುಂಬುತ್ತದೆಯಂತೆ. ಕೇಳಿ ನಾನು ರೋಮಾಂಚಗೊಂಡೆ. ಟ್ರಿಕ್ ಸೀನು ಸತ್ತಿರಲಿಲ್ಲ, ಮನೆ ಬದಲಿಸಿತ್ತು ಅಷ್ಟೆ.

ಶಾಮಿಯಾನದ ಸ್ಟೀಲು ಲೋಟಗಳನ್ನು ದಾಕ್ಷಾಯಣಿ ನನ್ನ ಮೇಲೆ ಸಾಲಾಗಿ ಇಟ್ಟಳು. ಒಂದೊಂದು ಲೋಟವೂ ಒಂದೊಂದು ದೃಶ್ಯ. ಪಕ್ಕದಲ್ಲಿ ಸೀಸದಕಡ್ಡಿಯಿಂದ ಬರೆದ ಚೌಕಟ್ಟಿನ ಚಿತ್ರಗಳು.

"ಮೊದಲನೇ ಲ್ವಾಟ, ಆಯಿ ಮನಿ ಬಾಗಲಾಗ ನಿಂತಿರ್ತಾಳ. ಎರಡನೇದು, ಓಣಿ ಮ್ಯಾಲ ಹಾರಿ ಕಪ್ಪತಗುಡ್ಡದ ಕಡೆ ಹೊಕ್ಕಾಳ."

"ಮೂರನೇದು ನಂದು," ಎಂದ ಇಮ್ತಿಯಾಜ್. "ಗುಡ್ಡದ ಮ್ಯಾಲಿನ ಗಾಳಿಗಂಬದ ರೆಕ್ಕಿ ಬಿಚ್ಚಿ ಬಿಚ್ಚಿ ಹಕ್ಕಿ ಆಗ್ತಾವು."

"ಅಷ್ಟು ಹಕ್ಕಿ ಮಾಡಾಕ ನಿನ್ನ ಕಂಪ್ಯೂಟರ್ ಸಾಯಂಗಿಲ್ಲೇನ?"

"ಸಾಯಂಗಿಲ್ಲ, ಬಿಸಿ ಆಗ್ತೈತಿ. ಅಮ್ಮೀ ಅದರ ಮ್ಯಾಲ ರೊಟ್ಟಿ ಬೇಯಸ್ತೇನಿ ಅಂದಾಳ."

ಕುರ್ಚಿಯಿಂದ ಮೌಲಾಸಾಬ ಕೂಗಿದ: "ಹಕ್ಕಿ ಹಾರಸ್ರಿ, ಗುಡ್ಡಾ ಹಾರಸ್ರಿ. ನನ್ನ ಲ್ವಾಟ ಹಾರಸಬ್ಯಾಡ್ರಿ, ಐತವಾರ ಮದುವಿ ಐತಿ."

ಮೋಡಕ್ಕೆ ಲೋಬಾನದ ಹೊಗೆ, ಗಾಳಿಗೆ ಟೇಬಲ್ ಫ್ಯಾನು, ಮುಂಜಾವಿನ ಬೆಳಕಿಗೆ ಸಲೂನಿನಿಂದ ತರುವ ಕನ್ನಡಿ. ಎಲ್ಲ ನಿಶ್ಚಯವಾದ ಮೇಲೆ ದಾಕ್ಷಾಯಣಿ ಕೊನೆಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ, ಇಮ್ತಿಯಾಜನಿಗಷ್ಟೇ ಕೇಳುವಂತೆ ಹೇಳಿದಳು: "ನಮ್ಮ ಆಯಿ ಹಾಡು ಈ ಊರಾಗಿನ ಹಳೇ ಮಂದಿಗೆಲ್ಲಾ ಗೊತ್ತೈತಿ. ಆಕಿ ಮುಖಾ ಒಬ್ಬರಿಗೂ ಗೊತ್ತಿಲ್ಲ. ಹಕ್ಕಿ ಹಾರಲಿ ಬಿಡಲಿ ಇಮ್ತೂ, ಮುಖಾ ಕಾಣಬೇಕು."

ಆಯಿ ಎಂದರೆ ಅವಳ ಅಜ್ಜಿ. ಆ ಅಜ್ಜಿಯ ಹೆಸರು ಹೂವಕ್ಕ ಎಂಬುದು ಅವರ ಮಾತಿನ ನಡುವೆ ಬಂತು. ಅದನ್ನು ಕೇಳಿದ ಕ್ಷಣ ನನ್ನ ಹಾಸುಹೊಕ್ಕೆಲ್ಲ ಬಿಗಿಯಿತು.

ನಿಗದಿಯಾದ ದಿನ ಕಾಲೇಜಿನ ಒಂದು ಕೋಣೆಯ ಗೋಡೆಗೆ ನನ್ನನ್ನು ಸುಕ್ಕಿಲ್ಲದಂತೆ ಕಟ್ಟಿದರು. ಕ್ಯಾಮೆರಾ ಬೇರೆ ವಿದ್ಯಾರ್ಥಿಗಳಿಗೂ ಬೇಕಿದ್ದುದರಿಂದ ಇವರಿಗೆ ಸಿಕ್ಕಿದ್ದು ಅದೊಂದೇ ಮಧ್ಯಾಹ್ನ. ಫ್ಯಾನು ತಿರುಗಿತು, ಲೋಬಾನ ಹೊಗೆಯಾಡಿತು. ಆಟೋದಿಂದ ಇಳಿದು, ಗೋಡೆ ಹಿಡಿದುಕೊಂಡು ಹೂವಕ್ಕ ಒಳಗೆ ಬಂದಳು. ತಲೆ ಬೆಳ್ಳಿಯಾಗಿತ್ತು, ಬೆನ್ನು ಬಾಗಿತ್ತು. ಉಟ್ಟದ್ದು ಆ ಹಸಿರು ಸೀರೆ.

ನನ್ನ ಮುಂದೆ ನಿಂತಳು. ಕ್ಯಾಮೆರಾಕ್ಕೆ ಜೋಡಿಸಿದ ತೆರೆಯನ್ನು ನೋಡುತ್ತಿದ್ದ ಇಮ್ತಿಯಾಜ್ ಹಸಿರು ಅಳಿಸುವ ಗುಂಡಿ ಒತ್ತಿ ಹೌಹಾರಿದ.

"ಏ ದಾಕ್ಷೀ! ಆಯಿ ಮಾಯ ಆದ್ಲಲ್ಲೇ!"

ತೆರೆಯ ಮೇಲೆ ಕಪ್ಪತಗುಡ್ಡದ ಮೋಡವಿತ್ತು. ಮೋಡದ ನಡುವೆ ಒಂದು ಮುಖ, ಎರಡು ಕೈ ತೇಲುತ್ತಿದ್ದವು. ಮೈಯಿರಲಿಲ್ಲ.

ದಾಕ್ಷಾಯಣಿ ತಲೆಗೆ ಕೈ ಹೊತ್ತಳು. ಹೊಗೆಗೆ, ಗಾಳಿಗೆ, ಬೆಳಕಿಗೆ ಯೋಜನೆ ಹಾಕಿದವಳು ಸೀರೆಯ ಬಣ್ಣವನ್ನು ಮರೆತಿದ್ದಳು. ಚಿತ್ರಗಳನ್ನು ಬರೆದದ್ದು ಸೀಸದಕಡ್ಡಿಯಲ್ಲಿ. ಅದಕ್ಕೆ ಎಲ್ಲ ಸೀರೆಗಳೂ ಒಂದೇ.

"ಆಯಿ, ಬ್ಯಾರೆ ಸೀರಿ ಉಟ್ಕೋ. ಓಡಿ ಹೋಗಿ ತರ್ತೇನಿ."

"ಆಗಂಗಿಲ್ಲ," ಎಂದಳು ಹೂವಕ್ಕ. "ಮುಂಜಾನೆನಽ ಬಣ್ಣದ ಪೆಟಿಗಿಗೆ ಕಾಯಿ ಒಡದು ಈ ಸೀರಿ ಉಟ್ಟೇನಿ. ಕಾಯಿ ಒಡದ ಮ್ಯಾಲ ಹಾಡು ಮುಗಿಯೂತನಕ ವೇಷಾ ಕಳಚೂದಿಲ್ಲ. ನಮ್ಮ ಕಂಪನಿ ರೀತಿ ಅದು. ಈ ಹಾಡಿಗೆ ಇದಽ ವೇಷ."

"ಯಾರಿಗೂ ಗೊತ್ತಾಗಂಗಿಲ್ಲ ಆಯಿ..."

"ಪೆಟಿಗಿಗೆ ಗೊತ್ತಾಗ್ತೈತಿ."

ಮೊಮ್ಮಗಳ ಕಣ್ಣು ತುಂಬಿತು. "ಅಂದ್ರ ಇವತ್ತೂ ನೀ ಕಾಣಂಗಿಲ್ಲ. ನಾನಽ ಮತ್ತ ನಿನ್ನ ಮುಚ್ಚಿಟ್ಟಂಗಾತು."

ಇಮ್ತಿಯಾಜ್ ಗೊಣಗಿದ: "ಎರಡು ಹಸರು ಇಷ್ಟು ಕೂಡಾಕ ಹೆಂಗ ಸಾಧ್ಯ? ಒಂದಽ ಅರಿವಿ ಇದ್ದಂಗ ಐತಿ."

ಹೂವಕ್ಕ ನನ್ನ ಕಡೆ ತಿರುಗಿದಳು. ಅವಳ ಬೆರಳು ನನ್ನ ಹೊಲಿಗೆಯ ಮೇಲೆ ಆಡಿ ಕೆಂಪು ಎಳೆಯ ಮೇಲೆ ನಿಂತಿತು. ತನ್ನ ಸೆರಗಿನ ಅಂಚನ್ನು ಎತ್ತಿ ಅದರ ಪಕ್ಕ ಹಿಡಿದಳು. ಕೆಂಪಿಗೆ ಕೆಂಪು ಕೂಡಿತು. ನಾನು ಮಾಸಿದ್ದಷ್ಟೇ ಅವಳ ಸೀರೆಯೂ ಮಾಸಿತ್ತು. ಒಂದೇ ಮಗ್ಗದವರು ಬೇರೆ ಬೇರೆ ಮನೆಗಳಲ್ಲಿ ಒಂದೇ ಹದದಲ್ಲಿ ಮುಪ್ಪಾಗಿದ್ದೆವು.

"ಇದ್ದಂಗಲ್ಲೋ ತಮ್ಮಾ, ಒಂದಽ," ಎಂದಳು. "ಇದು ನಮ್ಮ ತ್ವಾಟದ ಪರದೆ." ಆಮೇಲೆ ಕೇಳಿದಳು: "ಆ ಟೀವಿಯಾಗ ನಾ ಹೆಂಗ ಕಾಣ್ತೇನಿ, ನನಗರ ತೋರಸ್ರೆಲಾ."

ತೆರೆಯನ್ನು ಅವಳತ್ತ ತಿರುಗಿಸಿದರು. ಮೋಡಗಳ ನಡುವಿನ ತನ್ನ ಮುಖವನ್ನು ಅವಳು ಬಹಳ ಹೊತ್ತು ನೋಡಿದಳು. ಕೈ ಎತ್ತಿದಳು, ಗುಡ್ಡದ ಮೇಲೆ ಒಂದು ಕೈ ಎದ್ದಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಹುಚ್ಚವ್ವಾ, ಯಾಕ ಅಳ್ತಿ? ಆವಾಗ ನಂದು ಮುಖಾನಽ ಕಾಣತಿರಲಿಲ್ಲ. ಈಗ ಮುಖಾ ಒಂದಽ ಕಾಣತೈತಿ. ನಿನಗ ಬೇಕಾಗಿದ್ದು ಅದಽ ಅಲ್ಲೇನ?"

ದಾಕ್ಷಾಯಣಿ ಕಣ್ಣೊರೆಸಿಕೊಂಡು ತೆರೆಯನ್ನು ಮತ್ತೆ ನೋಡಿದಳು. ಯೋಜನೆಯ ಲೋಟಗಳೆಲ್ಲ ಅವಳ ಮನಸ್ಸಿನಲ್ಲಿ ಜಾಗ ಬದಲಿಸುತ್ತಿರುವುದು ನನಗೆ ಕಂಡಿತು. ಇನ್ನು ಅಜ್ಜಿ ಆಕಾಶದಲ್ಲಿ ಹಾರುವುದು ಬೇಡ. ಆಕಾಶವೇ ಅಜ್ಜಿಯ ಮೈ. ಗಾಳಿಗಂಬಗಳು, ಹಕ್ಕಿಗಳು, ಬೆಟಗೇರಿಯ ಓಣಿ, ಎಲ್ಲವೂ ಅವಳುಟ್ಟ ಸೀರೆಯೊಳಗೆ ಹಾದುಹೋಗಲಿ.

ಕನ್ನಡಿಯ ಬೆಳಕು ಅವಳ ಮುಖದ ಮೇಲೆ ಬಿತ್ತು. ಹಾಡು ಶುರುವಾಯಿತು. ಹಿಂದೆಂದೋ ಮುಖದ ಮೇಲೆ ಇಳಿಬೀಳುತ್ತಿದ್ದ ಸೆರಗು ಈಗ ತಲೆಯ ಮೇಲೆ ನಿಂತಿತ್ತು. ಕಂಠ ಮೊದಲಿನಂತಿರಲಿಲ್ಲ; ಅಲ್ಲಲ್ಲಿ ಬಿರುಕಿತ್ತು, ಬಿರುಕಿನಲ್ಲೂ ಶ್ರುತಿಯಿತ್ತು. ನಾನು ಅವಳ ಬೆನ್ನಿಗೆ ನಿಂತು ಅದೇ ಏರಿಳಿತವನ್ನು ಮತ್ತೆ ಎಣಿಸಿದೆ.

ಮುಗಿದ ಮೇಲೆ ಇಮ್ತಿಯಾಜ್ ಸಂಕೋಚದಿಂದ ಕೇಳಿದ: "ಆಯಿ, ಕಂಪ್ಯೂಟರಿನಾಗ ಮುಖದ ಕಲಿ ಅಳಸಾಕ ಬರ್ತೈತಿ. ಅಳಸ್ಲೇನ?"

"ಅಳಸಿದ್ರ ಮತ್ತ ಇಂದುಮತೀನಽ ಕಾಣ್ತಾಳೋ," ಎಂದಳು ಹೂವಕ್ಕ.

"ಮತ್ತ ಈ ಕೆಂಪ ಗೆರಿ? ಹಸರೆಲ್ಲಾ ಹೋದ್ರೂ ಇದೊಂದು ಉಳದೈತಿ."

ಈ ಸಲ ದಾಕ್ಷಾಯಣಿ ಹೇಳಿದಳು: "ಅದನ್ನೂ ಮುಟ್ಟಬ್ಯಾಡ."

ಪ್ರದರ್ಶನದ ಸಂಜೆ ಕಾಲೇಜಿನ ಅಂಗಳದಲ್ಲಿ ಬಿಳಿಯ ತೆರೆ ಕಟ್ಟಿದ್ದರು. ಚಿತ್ರ ಬಿಡುವ ಯಂತ್ರದ ಮೇಜಿಗೆ ಹೊದಿಸಲೆಂದು ನನ್ನನ್ನೂ ಕರೆದೊಯ್ದರು, ಎಲ್ಲವನ್ನೂ ಕಂಡೆ. ಮುಂದಿನ ಸಾಲಿನಲ್ಲಿ ಮೌಲಾಸಾಬ, ಅವನಿಗೆ ಎರಡು ಕುರ್ಚಿಯಾಚೆ ಹೂವಕ್ಕ. ತೆರೆಯ ತುಂಬ ಅವಳ ಮುಖ ಮೂಡಿತು. ಕಲೆಯೊಂದೊಂದೂ ಬೆಳಕು ನಿಂತ ಪುಟ್ಟ ಕೊಳ. ಮೈಯೊಳಗೆ ಗುಡ್ಡ ಸರಿಯಿತು, ಗಾಳಿಗಂಬಗಳು ಹಕ್ಕಿಗಳಾದವು. "ಮುಗಿಲ ಮಗ್ಗದೊಳಗೆ" ಎಂಬ ಸೊಲ್ಲು ಎದ್ದೊಡನೆ ಮೌಲಾಸಾಬ ಕುರ್ಚಿಯ ತುದಿಗೆ ಸರಿದ. ತೆರೆಯನ್ನು ನೋಡಿದ, ಹೂವಕ್ಕನನ್ನು ನೋಡಿದ.

"ಯಾ ಅಲ್ಲಾ! ಅಷ್ಟೂ ವರ್ಷ ನಾ ಬ್ಯಾರೆದಾಕಿಗೆ ಸಿಳ್ಳಿ ಹೊಡದ್ನಲ್ಲವ್ವಾ!"

"ಕೇಳಸ್ತಿತ್ತು ತಗೋರಿ," ಎಂದಳು ಹೂವಕ್ಕ. "ನಂದಽ ಅಂತ ನಾ ಇಟ್ಕೊಂಡೇನಿ."

ಹಲ್ಲಿಲ್ಲದ ಬಾಯಿಗೆ ಬೆರಳಿಟ್ಟು ಅವನು ಊದಿದ. ಬಂದದ್ದು ಬರಿಯ ಗಾಳಿ. ಆದರೆ ಅಂಗಳದ ಹುಡುಗರು ಅದನ್ನು ಎತ್ತಿಕೊಂಡರು. ಸಿಳ್ಳೆ, ಚಪ್ಪಾಳೆ, ಒನ್ಸ್ ಮೋರ್. ಹೂವಕ್ಕ ಕುರ್ಚಿಯ ಕೈ ಹಿಡಿದು ಎದ್ದಳು, ತಿರುಗಿ ನಿಂತು ಎಲ್ಲರಿಗೂ ಕೈ ಮುಗಿದಳು.

ಈಗ ನಾನು ಅವಳ ಟ್ರಂಕಿನಲ್ಲಿದ್ದೇನೆ. ಮೌಲಾಸಾಬನೇ ನನ್ನನ್ನು ಕಳಿಸಿಕೊಟ್ಟ. ಬೇವಿನೆಲೆಯ ಘಾಟಿನ ನಡುವೆ ನನ್ನ ಮೂರನೆಯ ತುಂಡು ನನ್ನ ಮಡಿಕೆಯೊಳಗೆ ಮಲಗಿದೆ. ಮಡಿಕೆಗಳಲ್ಲಿ ನೂಲು ಸವೆದು ಬೆಳಕು ಕಾಣತೊಡಗಿದೆ. ಚಿಂತೆಯಿಲ್ಲ. ನನ್ನನ್ನು ಅಳಿಸಿದ ಜಾಗದಲ್ಲಿ ಒಂದು ಆಕಾಶ ಹಿಡಿಸಿತು. ಇಷ್ಟು ಅಗಲವಾಗಿ ಬದುಕಿದ ಬಟ್ಟೆ ಇನ್ನೊಂದಿದ್ದರೆ ತೋರಿಸಿ.

ಆ ಸಂಜೆ, ಕೊನೆಯ ದೃಶ್ಯದಲ್ಲಿ, ಒಂದು ದಿಗಂತದಿಂದ ಹೊರಟ ಕೆಂಪು ಗೆರೆ ಹೂವಕ್ಕನ ಮುಖವನ್ನು ಬೆಟ್ಟದಂತೆ ಬಳಸಿ ಇನ್ನೊಂದು ದಿಗಂತಕ್ಕೆ ಹೋಯಿತು. "ಎಂಥಾ ಮುಂಜಾವು ತಗದಾರ ನೋಡ," ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು.

ಮುಂಜಾವಲ್ಲ. ಕುಬೇರಪ್ಪ ತೆಗೆಯದೆ ಬಿಟ್ಟ ಎಳೆ ಅದು. ನಾನು.